ಕೇಳಿದವರು ನಮ್ಮವರೇ ಆದಾಗ

ಎಂಬತ್ತರ ದಶಕದ ನಡುವೆ ನಾನು ತಮಿಳು ಸೀಮೆಯ ಪೀಳಮೇಡಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಮೈಸೂರಿನ ಕಡೆಯವಳು. ದಿನವಿಡೀ ಹರಕುಮುರುಕು ತಮಿಳಿನಲ್ಲಿ ಕೈ ಎತ್ತಿ, ಕಾಲು ಮಡಿಸಿ ಎಂದು ಹೇಳಿ ಹೇಳಿ ನಾಲಿಗೆ ಒಣಗಿರುತ್ತಿತ್ತು. ಯಾರಾದರೂ ಒಂದು ಮಾತು ಕನ್ನಡದಲ್ಲಿ ಆಡಿದರೆ ಸಾಕು, ಕರಗಿಹೋಗುತ್ತಿದ್ದೆ. ಅದನ್ನು ನನ್ನ ಒಳ್ಳೆಯತನ ಎಂದೇ ತಿಳಿದಿದ್ದೆ.

ನೇಯ್ಗೆಯವರ ಮನೆಯ ಸೊಸೆಯೊಬ್ಬಳು ಮಣಿಕಟ್ಟು ಮುರಿದು, ಪ್ಲಾಸ್ಟರ್ ಬಿಚ್ಚಿಸಿಕೊಂಡು ನನ್ನ ಬಳಿಗೆ ಬಂದಳು. ಇಪ್ಪತ್ತೆರಡು ವರ್ಷವಿರಬೇಕು. ಅವರದು ತಲೆಮಾರುಗಳಿಂದ ಮನೆಮಾತು ಕನ್ನಡ, ಓದು ಬರಹವೆಲ್ಲ ತಮಿಳು. ಮೊದಲ ದಿನವೇ ನನ್ನನ್ನು ಅಕ್ಕ ಎಂದಳು. ವಾರಕ್ಕೆ ಮೂರು ದಿನ ಬಿಸಿ ಮೇಣದಲ್ಲಿ ಕೈ ಅದ್ದಿಸಿ, ಬೆರಳು ಮಡಿಸಿ ಬಿಚ್ಚಿಸುತ್ತಿದ್ದೆ. ತಿಂಗಳಲ್ಲಿ ಕೈ ಚೆನ್ನಾಗಿಯೇ ಆಯಿತು. ಇನ್ನು ಬರಬೇಕಾಗಿಲ್ಲ ಎಂದಾಗ ಅವಳ ಮುಖ ಇಳಿದುಹೋಯಿತು.

“ಅಕ್ಕಾ, ಇನ್ನೂ ಮೂರು ವಾರ ಬರಬೇಕು ಅಂತ ಬರೀರಿ. ಇಲ್ಲಿಂದ ಹೋಗಿ ಪಕ್ಕದ ಬೀದೀಲಿ ಟೈಪಿಂಗ್ ಕಲೀತಾ ಇದೀನಿ. ಪರೀಕ್ಷೆ ಹತ್ರ ಬಂತು. ಪಾಸಾದ್ರೆ ಒಂದು ವೇಲೆ ಸಿಕ್ಕುತ್ತೆ. ಕೈ ಸರಿಯಾಯ್ತು ಅಂದ್ರೆ ನಾಳೆಯಿಂದ್ಲೇ ತರಿ ಮುಂದೆ ಕೂರಿಸಿಬಿಡ್ತಾರೆ. ಮನೇಲಿ ಹೇಳ್ಬೇಡಿ.”

ಮಗ್ಗಕ್ಕೆ ಅವರು ತರಿ ಎನ್ನುತ್ತಿದ್ದರು, ಕೆಲಸಕ್ಕೆ ವೇಲೆ. ಬರೆದುಕೊಟ್ಟೆ. ಹೊರಗೆ ಬೆಂಚಿನ ಮೇಲೆ ನಿಜವಾಗಿ ನೋಯುತ್ತಿದ್ದವರು ಸರದಿಗೆ ಕಾಯುತ್ತಿದ್ದರು. ಅವಳು ಅವರನ್ನು ದಾಟಿ ಒಳಗೆ ಬರುವಾಗಲೆಲ್ಲ ಆ ಸುಳ್ಳು ಚೀಟಿ ನನ್ನನ್ನು ಚುಚ್ಚುತ್ತಿತ್ತು.

ಮುಂದಿನ ವಾರ ಅವಳ ಅತ್ತೆ ಒಬ್ಬರೇ ಬಂದರು. ಮಂಡಿ ಊದಿಕೊಂಡಿತ್ತು. ತಮಿಳರ ಆವಣಿ ತಿಂಗಳ ಮದುವೆಗಳಿಗೆ ಕೊಡಬೇಕಾದ ಸೀರೆಗಳು ಬಾಕಿ ಇದ್ದವು, ಸೊಸೆಯ ಬದಲಿಗೆ ಆಕೆಯೇ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ನನ್ನ ಗಲ್ಲ ಸವರಿ, ಮಗಳನ್ನು ಮುದ್ದಿನಿಂದ ಕರೆಯುವಂತೆ ಕಣ್ಣು ಎಂದು ಕರೆದು ಕೇಳಿದರು.

“ನಿಜವಾ ಹೇಳು ಕಣ್ಣು. ನೀ ನಮ್ಮವಳು. ಅವಳ ಕೈ ಸರಿಯಾಯ್ತಾ, ಇಲ್ವಾ?”

ಮಿಲ್ಲಿನ ಅಧಿಕಾರಿಯೊಬ್ಬ ಕೆಲಸಗಾರನ ಸೊಂಟದ ಬಗ್ಗೆ ವಿಚಾರಿಸಲು ಬಂದಾಗ, ಅದು ಅವನ ಸೊಂಟ, ಅವನನ್ನೇ ಕೇಳಿ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದವಳು ನಾನು. ಈ ಅತ್ತೆಯ ಮುಂದೆ ಮಾತ್ರ ಮನೆಮಗಳಾಗಿಬಿಟ್ಟೆ. ಕೈ ಸರಿಯಾಗಿದೆ ಎಂದೆ. ಅಷ್ಟಕ್ಕಾದರೂ ಸುಮ್ಮನಾದೆನೇ? ಟೈಪಿಂಗಿನ ವಿಷಯವನ್ನೂ ಹೇಳಿದೆ. ಬಯ್ಯಬೇಡಿ, ಪರೀಕ್ಷೆ ಬರೆಯಲಿ ಎಂದು ಬುದ್ಧಿವಾದ ಬೇರೆ! ಆಕೆ ಎಲ್ಲದಕ್ಕೂ ತಲೆಯಾಡಿಸಿ ಎದ್ದುಹೋದರು. ಎದೆಯ ಭಾರ ಇಳಿಯಿತು ಎಂದುಕೊಂಡೆ.

ಸೊಸೆ ಮತ್ತೆ ಬರಲಿಲ್ಲ. ಪರೀಕ್ಷೆಯ ದಿನ ಮಧ್ಯಾಹ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ವಿಚಾರಿಸಿದೆ. ಅವಳ ಹಾಲ್ ಟಿಕೆಟ್ ಮೇಷ್ಟರ ಮೇಜಿನ ಮೇಲೆಯೇ ಇತ್ತು. ಸುಳ್ಳು ಬರೆದದ್ದು ನನ್ನ ತಪ್ಪು. ಅದನ್ನು ತೊಳೆದುಕೊಳ್ಳಲು ನಾನು ಬಳಸಿದ್ದು ಅವಳ ಗುಟ್ಟನ್ನು.

ದೀಪಾವಳಿ ಕಳೆದ ಮೇಲೆ ಅತ್ತೆಯ ಮಂಡಿ ತೋರಿಸಲು ಇಬ್ಬರೂ ಬಂದರು. ಸೊಸೆಯ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಕೈ ಹೇಗಿದೆ ಎಂದು ಕೇಳಿದೆ.

“ಸರಿಯಾಪ್ಪೋಚ್ಚುಂಗ, ಡಾಕ್ಟರ್” ಎಂದಳು. ಸರಿಹೋಯಿತು ಎಂದು, ತಮಿಳಿನಲ್ಲಿ.

“ನಮ್ಮ ಕಣ್ಣು ಹತ್ರ ಯಾಕೆ ತಮಿಳು?” ಎಂದು ಅತ್ತೆ ನಕ್ಕರು. ಅವಳು ನಗಲಿಲ್ಲ. ಅತ್ತೆಯನ್ನು ಮೆಲ್ಲಗೆ ಮಂಚದ ಮೇಲೆ ಕೂರಿಸಿ, ಚಪ್ಪಲಿಗಳನ್ನು ಬದಿಗೆ ಸರಿಸಿ, ಬಾಗಿಲಾಚೆ ಹೋಗಿ ನಿಂತಳು. ಒಳಗೇ ಇರು, ಮನೆಯಲ್ಲಿ ಮಾಡಿಸಬೇಕಾದ್ದನ್ನು ಹೇಳುತ್ತೇನೆ ಎಂದು ಕರೆದೆ.

ಅದು ಅವರ ಕಾಲು, ಅವರಿಗೇ ಹೇಳಿ ಎಂದಳು, ಮತ್ತೆ ತಮಿಳಿನಲ್ಲೇ, ಮತ್ತು ಬಾಗಿಲು ಎಳೆದುಕೊಂಡಳು.