ಅರ್ಧ ಗಂಟೆಗೊಮ್ಮೆ ಏಳುವುದು

ಇವತ್ತು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಪರೀಕ್ಷೆಗೆ ರಕ್ತ ಕೊಡಲು ಹೋಗಿದ್ದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಮೊಣಕೈ ಸಂದಿಗೆ ಒತ್ತಿ ಹಿಡಿದು ಬೆಂಚಿನ ಮೇಲೆ ಕೂತವನಿಗೆ, ಆ ವಾಸನೆಯ ಹಿಂದೆಯೇ ಅಪ್ಪ ನೆನಪಾದ. ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ, ನನ್ನ ಅಂಗಿಯ ತೋಳಿಗೆ ಅಂಟಿದ್ದ ಇದೇ ವಾಸನೆ ಹಿಡಿದು "ಏನಾಯ್ತ್ಲಾ?" ಎಂದು ಮೊದಲು ಕೇಳಿದವನು ಅವನೇ.

ಅಪ್ಪ ಬಿಕ್ಕೋಡಿನ ಕಡೆಯ ಕಾಫಿ ತೋಟಗಳಲ್ಲಿ ಕೂಲಿ ಮಾಡಿದವನು. ಬೆಳಿಗ್ಗೆ ನಾಲ್ಕು ಮೈಲಿ ನಡೆದು ಹೋಗಬೇಕು, ಸಂಜೆ ನಾಲ್ಕು ಮೈಲಿ ನಡೆದು ಬರಬೇಕು. ನಡುವೆ ಇಳಿಜಾರಿನಲ್ಲಿ ಗುಂಡಿ ತೆಗೆಯುವುದು, ಮೂಟೆ ಹೊರುವುದು. ಒಮ್ಮೆ ಒಂದು ತುಂಡು ಜಮೀನಿನ ಕಾಗದಕ್ಕಾಗಿ ಯಾವುದೋ ಕಚೇರಿಯ ಮೆಟ್ಟಿಲ ಕೆಳಗೆ ವಾರಗಟ್ಟಲೆ ನಿಂತಿದ್ದನಂತೆ. ಯಾವ ಊರಿನ ಕಚೇರಿಯೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಳಗೆ ಕೂತವರು ತಲೆ ಎತ್ತಿ ನೋಡುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತಂತೆ. ಮನೆಗೆ ಬಂದು, ಬುದ್ಧನ ಪಟದ ಕೆಳಗೆ ಓದುತ್ತಿದ್ದ ನನಗೆ ಹೇಳುತ್ತಿದ್ದ: "ನೀನ್ ಕೂತ್ಕಂಡ್ ಕೆಲ್ಸ ಮಾಡ್ಬೇಕು ಕಣ್ಲಾ. ನಿಂತಿದ್ದು ನಮ್ಗೇ ಸಾಕು."

ತೊಂಬತ್ತರ ದಶಕದ ಮೊದಲಲ್ಲಿ ನನಗೆ ಅರಸೀಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅಪ್ಪ ಎರಡು ಬಸ್ಸು ಬದಲಿಸಿ ನೋಡಲು ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ನನ್ನನ್ನು, ನನ್ನ ಕುರ್ಚಿಯನ್ನು, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ. ಟೀ ಕುಡಿಯೋಣ ಬಾ ಎಂದು ನಾನು ಏಳಹೊರಟರೆ ಗಾಬರಿಯಾಗಿ, "ಏಳ್ಬ್ಯಾಡ, ಏಳ್ಬ್ಯಾಡ, ಕೂತ್ಕೋ" ಎಂದ.

ಅಪ್ಪನ ಎಷ್ಟೋ ಮಾತು ಮೀರಿದ್ದೇನೆ, ಆದರೆ ಇದೊಂದನ್ನು ಹತ್ತು ಹನ್ನೆರಡು ವರ್ಷ ಚಾಚೂತಪ್ಪದೆ ಪಾಲಿಸಿದೆ. ಫೈಲು ಬೇಕಾದರೆ ಕೂಗುತ್ತಿದ್ದೆ, ನೀರು ಬೇಕಾದರೆ ಕೂಗುತ್ತಿದ್ದೆ. ಕೆಳಗೆ ಬಿದ್ದ ಪೆನ್ನು ಎತ್ತಿಕೊಡಲೂ ಒಮ್ಮೆ ಅಟೆಂಡರನ್ನು ಕೂಗಿದ್ದೇನೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಷ್ಟರಲ್ಲಿ ನನಗೆ ಬೇಲೂರಿಗೆ ವರ್ಗವಾಗಿತ್ತು. ಹೆಂಡತಿ ಹಳೇಬೀಡಿನಲ್ಲಿ ಶಾಲೆಯ ಟೀಚರ್ ಆದ್ದರಿಂದ ಮನೆ ಅಲ್ಲೇ ಮಾಡಿದ್ದೆವು. ಅಮ್ಮ ತೀರಿಕೊಂಡ ಮೇಲೆ ಅಪ್ಪನೂ ನಮ್ಮ ಜೊತೆಗೇ ಬಂದ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನಗಿನ್ನೂ ನಲವತ್ತಾಗಿರಲಿಲ್ಲ, ಆಗಲೇ ಕಾಲ್ಬೆರಳು ಮರಗಟ್ಟತೊಡಗಿತು. ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ದಿನಕ್ಕೆ ಎಷ್ಟು ಹೊತ್ತು ಕೂತಿರ್ತೀರಿ?" ಎಂದು ಕೇಳಿದರು.

"ಪೂರ್ತಿ ದಿನ ಸಾರ್," ಎಂದೆ. ನನ್ನ ದನಿಯಲ್ಲಿ ಹೆಮ್ಮೆಯೇ ಇದ್ದಿರಬೇಕು.

"ಹೀಗೇ ಕೂತಿದ್ರೆ ಐವತ್ತಕ್ಕೆ ಕಣ್ಣೋ ಕಾಲೋ ಹೋಗುತ್ತೆ. ನಡೀಬೇಕು ನೀವು."

"ಟೈಮ್ ಎಲ್ಲಿದೆ ಸಾರ್? ಎಂಟೂವರೆ ಬಸ್ಸಿಗೆ ಹೊರಟ್ರೆ ಮನೆ ಸೇರೋದು ರಾತ್ರಿ ಏಳಕ್ಕೆ."

"ಬೇರೆ ಟೈಮ್ ಯಾರು ಕೇಳಿದ್ರು? ಇರೋ ಟೈಮಲ್ಲೇ ಎದ್ದೇಳಿ. ಬಸ್ಸು ಒಂದು ಸ್ಟಾಪ್ ಮುಂಚೆ ಇಳೀರಿ. ಫೈಲ್ ನೀವೇ ತಗೊಂಡ್ಬನ್ನಿ. ಏನಾದ್ರೂ ನೆಪ ಮಾಡ್ಕೊಂಡು ಅರ್ಧ ಗಂಟೆಗೊಂದ್ಸಲ ಏಳಿ."

ಹೇಳಿದಷ್ಟು ಸುಲಭವಾಗಿರಲಿಲ್ಲ. ರೆಕಾರ್ಡ್ ರೂಮಿಗೆ ನಾನೇ ಹೋಗತೊಡಗಿದ ಮೂರನೇ ದಿನ ಅಟೆಂಡರ್ ರಂಗಣ್ಣ ಮೇಜಿನ ಪಕ್ಕ ಬಂದು ನಿಂತು, "ನನ್ ಮೇಲೆ ಏನಾರ ಬ್ಯಾಸ್ರನಾ ಸಾರ್?" ಎಂದ. ಕಾಯಿಲೆಯ ವಿಷಯ ಹೇಳಿದ ಮೇಲೂ ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಎಷ್ಟೋ ದಿನ ನಾನು ಎದ್ದ ಕೂಡಲೇ ತಾನೂ ಎದ್ದು ನನ್ನ ಹಿಂದೆಯೇ ಬರುತ್ತಿದ್ದ.

ಅಪ್ಪನ ವಿಷಯ ಇನ್ನೂ ಕಷ್ಟವಾಯಿತು. ನಾನು ಬೇಲೂರಿಗೆ ಎರಡು ಕಿಲೋಮೀಟರ್ ಇರುವಾಗಲೇ ಬಸ್ಸಿಳಿದು ನಡೆಯುತ್ತಿದ್ದೆ, ಮನೆಯಲ್ಲಿ ಹೇಳಿರಲಿಲ್ಲ. ಒಂದು ದಿನ ಅಪ್ಪ ಬಿಕ್ಕೋಡಿನ ನೆಂಟರ ಮನೆಗೆಂದು ನನ್ನ ಹಿಂದೆ ಬಂದ ಬಸ್ಸಿನಲ್ಲಿ ಹೊರಟಿದ್ದಾನೆ. ಬಿಸಿಲಲ್ಲಿ, ರಸ್ತೆಯ ಅಂಚಿನಲ್ಲಿ, ಕೈಯಲ್ಲಿ ಊಟದ ಡಬ್ಬಿ ಹಿಡಿದು ಹೋಗುತ್ತಿದ್ದ ನಾನು ಅವನಿಗೆ ಬಸ್ಸಿನ ಕಿಟಕಿಯಿಂದ ಕಂಡಿದ್ದೇನೆ. ಸಂಜೆ ಮನೆಗೆ ಬಂದರೆ ಅಪ್ಪ ಊಟಕ್ಕೆ ಏಳಲೇ ಇಲ್ಲ.

"ಪಕ್ದಲ್ಲಿ ಕೂತಿದ್ದೋನು ಕೇಳ್ದ, ಅದು ನಿನ್ ಮಗ ಅಲ್ವಾ, ಕೆಲ್ಸ ಹೋಯ್ತಾ ಅಂತ. ಏನಂತ ಹೇಳ್ಲಿ ನಾನು? ನಿನ್ನ ಓದ್ಸಿದ್ದು ರೋಡಲ್ಲಿ ನಡೀಲಿ ಅಂತಾನಾ?"

"ಡಾಕ್ಟ್ರು ಹೇಳವ್ರೆ ಕಣಪ್ಪ. ಕೂತು ಕೂತೇ ಬಂದಿರೋ ಕಾಯಿಲೆ ಇದು."

"ಕೂತ್ರೆ ಕಾಯ್ಲೆ ಬತ್ತದಾ? ಹಂಗಾರೆ ನಾನ್ ಬೇಡ್ಕಂಡಿದ್ದು ನಿಂಗೆ ಕಾಯ್ಲೆನಾ?"

ಆಮೇಲೆ ಇಬ್ಬರೂ ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ.

ಕಚೇರಿಯಲ್ಲಿ ಏಳಲು ನನಗೆ ನೆಪಗಳು ಮುಗಿಯುತ್ತ ಬಂದವು. ಎಷ್ಟು ಸಲ ನೀರು ಕುಡಿಯುವುದು, ಎಷ್ಟು ಸಲ ರೆಕಾರ್ಡ್ ರೂಮಿಗೆ ಹೋಗುವುದು? ಕೊನೆಗೆ ಇನ್ನೊಂದು ಹೊಳೆಯಿತು. ಹೊರಗೆ ಜಗುಲಿಯಲ್ಲಿ ಕಾಯುವವರ ಹೆಸರನ್ನು ಕಿಟಕಿಯಿಂದ ಕೂಗುವ ಬದಲು ನಾನೇ ಎದ್ದು ಅವರ ಹತ್ತಿರ ಹೋಗತೊಡಗಿದೆ.

ಒಂದು ದಿನ ಮಾತ್ರೆ ಮರೆತು ಹೋಗಿದ್ದೆ. ಮಧ್ಯಾಹ್ನ ಅಪ್ಪ ಅದನ್ನು ತಂದಿದ್ದಾನೆ. ಅವನು ಬಂದದ್ದು ನನಗೆ ಗೊತ್ತಿಲ್ಲ. ನಾನು ಜಗುಲಿಯ ತುದಿಯಲ್ಲಿ ಕೊಡೆ ಹಿಡಿದು ನಿಂತಿದ್ದ ಒಬ್ಬ ಅಜ್ಜಿಯ ಕಾಗದ ನೋಡುತ್ತಿದ್ದೆ.

"ನೀವ್ಯಾಕೆ ಎದ್ ಬಂದ್ರಿ ಸಾಮಿ?" ಎಂದು ಅಜ್ಜಿ ಕೈ ಮುಗಿಯಹೋದಳು. ಕೊಡೆ ಜಾರಿತು. ನಾನು ಕೊಡೆಯನ್ನೂ ಅವಳ ಕೈಯನ್ನೂ ಒಟ್ಟಿಗೇ ಹಿಡಿದುಕೊಂಡು, "ಒಂದು ಸಹಿ ಬಾಕಿ ಅಷ್ಟೇ ಅಜ್ಜಿ. ನಾಳೆ ಬರೋದು ಬೇಡ, ಇಲ್ಲೇ ಕೂತಿರಿ, ಹಾಕಿಸಿ ತರ್ತೀನಿ," ಎಂದೆ. ಒಳಗೆ ಬಂದಾಗ ಮೇಜಿನ ಮೇಲೆ ಮಾತ್ರೆಯ ಪೊಟ್ಟಣವಿತ್ತು. "ನಿಮ್ ತಂದೆ ಬಂದಿದ್ರು ಸಾರ್, ಬಾಗ್ಲಲ್ಲೇ ಸುಮಾರು ಹೊತ್ತು ನಿಂತಿದ್ದು ಹೋದ್ರು," ಎಂದ ರಂಗಣ್ಣ.

ಸಂಜೆ ಅಪ್ಪ ಅಂಗಳದಲ್ಲಿ ಕೂತಿದ್ದ. ನಾನು ಕಾಲು ತೊಳೆದು ಬಂದ ಮೇಲೆ ಹೇಳಿದ:

"ಆ ಮುದುಕಿ ಕೈ ಮುಗ್ಯಾಕೆ ಬಂದ್ಲು. ನೀನು ಹಿಡ್ಕಂಡೆ."

"ಹೂಂ."

"ನಾನ್ ನಿಂತಿದ್ದಾಗ ಯಾರಾರ ಒಬ್ರು ಹಿಂಗೆ ಎದ್ ಬಂದಿದ್ರೆ..." ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ, "ನಾಳೆ ಎಲ್ಲಿಗಾರ ನಡಿಯಾಕೋದ್ರೆ ನನ್ನೂ ಕರಿ. ನಾನೂ ಬತ್ತೀನಿ," ಎಂದ.

ನಿಜ ಹೇಳಬೇಕೆಂದರೆ, ನಾನು ಆವತ್ತು ಎದ್ದದ್ದು ಅಜ್ಜಿಗಾಗಿ ಅಲ್ಲ. ಕೂತು ಅರ್ಧ ಗಂಟೆಯಾಗಿತ್ತು, ಅದಕ್ಕೆ ಎದ್ದೆ. ಬೇರೆ ಯಾವ ಯೋಚನೆಯೂ ನನ್ನ ತಲೆಯಲ್ಲಿ ಇರಲಿಲ್ಲ. ಹೇಳಿಬಿಡಬೇಕು ಎಂದುಕೊಂಡೆ, ಆದರೆ ಅಪ್ಪನ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. ಮಾರನೆಯ ದಿನದಿಂದ ಮಾತ್ರ ಒಂದು ತೊಂದರೆ ಶುರುವಾಯಿತು. ಜಗುಲಿಯಲ್ಲಿ ಯಾರಾದರೂ ನಿಂತದ್ದು ಕಂಡರೆ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಅರ್ಧ ಗಂಟೆಯಾಗಿದೆಯೋ ಇಲ್ಲವೋ ಎಂದು ಗಡಿಯಾರ ನೋಡುವುದೂ ಬಿಟ್ಟುಹೋಯಿತು. ನಿವೃತ್ತನಾಗುವ ದಿನದವರೆಗೂ ಹಾಗೇ ನಡೆಯಿತು.

ಸಂಜೆ ಅಪ್ಪನೂ ನಾನೂ ಹಳೇಬೀಡಿನ ಕೆರೆ ಏರಿಯ ಮೇಲೆ ಹೋಗುತ್ತಿದ್ದೆವು. ಎಪ್ಪತ್ತು ದಾಟಿದ್ದ ಅವನು ಯಾವಾಗಲೂ ನನಗಿಂತ ನಾಲ್ಕು ಹೆಜ್ಜೆ ಮುಂದೆ. ತಿರುಗಿ ನಿಂತು, "ಏನ್ಲಾ, ಇಷ್ಟಕ್ಕೇ ಏದುಸ್ರಾ?" ಎನ್ನುತ್ತಿದ್ದ. ಹಾಗೆ ಐದು ವರ್ಷ ನಡೆದೆವು. ಅವನು ಹೋದ ಮೇಲೆ ನಾನು ಏರಿಯ ಕಡೆ ಕಾಲಿಡಲಿಲ್ಲ. ಮನೆಯ ಮುಂದಿನ ಬೀದಿಯಲ್ಲೇ ಹಿಂದೆ ಮುಂದೆ ಓಡಾಡಿ ದಿನದ ನಡಿಗೆಯ ಲೆಕ್ಕ ಮುಗಿಸಿಕೊಂಡು ಬಂದೆ.

ಇವತ್ತು ರಕ್ತ ಕೊಟ್ಟು ತಿಂಡಿ ತಿಂದ ಮೇಲೆ ಯಾಕೋ ಕಾಲು ಆ ಕಡೆ ತಿರುಗಿತು. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡು ಏರಿಯ ಆ ತುದಿ ಮುಟ್ಟಿದೆ. ಅಲ್ಲಿ ನಿಂತು, ಇಷ್ಟು ವರ್ಷ ಇಟ್ಟುಕೊಂಡಿದ್ದನ್ನು ಬಾಯಿಬಿಟ್ಟು ಹೇಳಿದೆ: "ಅಪ್ಪ, ಆವತ್ತು ನಾನ್ ಎದ್ದಿದ್ದು ನನ್ ಕಾಯ್ಲೆಗೆ ಕಣಪ್ಪ. ಆಮೇಲೆ ಎದ್ದಿದ್ದೆಲ್ಲ ನಿನಗೆ."

ಕೆಳಗೆ ಎಮ್ಮೆ ಮೈ ತೊಳೆಯುತ್ತಿದ್ದವನು ಯಾರ ಜೊತೆ ಮಾತೆಂದು ತಲೆ ಎತ್ತಿ ನೋಡಿದ. ಅವನಿಗೆ ಕೈ ಬೀಸಿ ಹಿಂದಿರುಗಿದೆ. ಮೊಣಕಾಲು ನೋಯುತ್ತಿತ್ತು. ದಾರಿಯಲ್ಲಿ ಆಟೋದವನೊಬ್ಬ ನಿಲ್ಲಿಸಿ ಕರೆದ. ಬೇಡವೆಂದು, ನಿಧಾನವಾಗಿ ನಡೆದೇ ಮನೆ ಸೇರಿದೆ.