ಬೂಟಿಗೆ ತೊಡಿಸುವ ಮುಳ್ಳು

ಮಲೇಷ್ಯಾದ ಆನ್‌ಲೈನ್ ಅಂಗಡಿಗಳಲ್ಲಿ ಮಂಜುಗಡ್ಡೆಯ ಮೇಲೆ ನಡೆಯುವ ಸಾಮಾನು ಕೊಳ್ಳುವುದರ ದೊಡ್ಡ ತೊಂದರೆ ಏನೆಂದರೆ, ಕೊಂಡವರಲ್ಲಿ ಬಹುಪಾಲು ಜನ ಮಂಜುಗಡ್ಡೆಯನ್ನು ಲೋಟದಲ್ಲಿ ಬಿಟ್ಟು ಬೇರೆಲ್ಲೂ ಕಂಡಿರುವುದಿಲ್ಲ. ಐದು ನಕ್ಷತ್ರ ಕೊಟ್ಟಿರುತ್ತಾರೆ. ಕೆಳಗೆ ಓದಿದರೆ, ಪ್ಯಾಕಿಂಗ್ ಚೆನ್ನಾಗಿದೆ, ಬೇಗ ಬಂತು, ಇನ್ನೂ ಉಪಯೋಗಿಸಿಲ್ಲ ಎಂದು ಬರೆದಿರುತ್ತಾರೆ. ಒಬ್ಬ ಮಹಾನುಭಾವ ಡಬ್ಬಿಯ ಫೋಟೋ ಹಾಕಿ ಕೈತೊಳೆದುಕೊಂಡಿದ್ದ; ಅದನ್ನು ತೆರೆದೂ ನೋಡಿರಲಿಲ್ಲ. ಇಂಥವರ ಮಾತು ನಂಬಿ, ನನ್ನ ಮಗಳ ಕಾಲಿನ ಕೆಳಗೆ ಏನು ಇರಬೇಕೆಂದು ನಾನು ತೀರ್ಮಾನಿಸಬೇಕಿತ್ತು.

ಆಗ ನಾವಿಬ್ಬರು ಆ ದೇಶದ ನಿಲಾಯ್‌ನಲ್ಲಿದ್ದೆವು. ನಾನು ಒಂದು ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದೆ. ಉಡುಪಿಯಿಂದ ಬಂದು ಇಲ್ಲೇ ನೆಲೆ ನಿಂತವನು. ಮಗಳು ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಮುಚ್ಚಿದ್ದ ಗಡಿಗಳೆಲ್ಲ ತೆರೆದು ಕೆಲವು ತಿಂಗಳಾಗಿತ್ತು. ಜನ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ತಮಿಳು ಮುಸ್ಲಿಮರ ಮಮಕ್ ಹೋಟೆಲಿನಲ್ಲಿ ಕೂತು ಚಹಾ ಕುಡಿಯುವುದನ್ನು ಮತ್ತೆ ಕಲಿಯುತ್ತಿದ್ದರು. ಒಂದು ಸಂಜೆ ಹೋಟೆಲಿನಿಂದ ಕಟ್ಟಿಸಿ, ಇಲ್ಲಿಯವರ ಮಾತಿನಲ್ಲಿ ತಪಾವ್ ಮಾಡಿ, ತಂದ ಅನ್ನದ ಪೊಟ್ಟಣ ಬಿಚ್ಚುತ್ತ ಮಗಳು ಹೇಳಿದಳು, "ಅಪ್ಪ, ಡಿಸೆಂಬರ್‌ನಲ್ಲಿ ಫ್ರೆಂಡ್ಸ್ ಎಲ್ಲ ಕೊರಿಯಾ ಹೋಗ್ತಿದ್ದಾರೆ. ವಿಂಟರ್ ಹೈಕಿಂಗ್. ಕ್ಯಾನ್ ಐ ಗೋ?"

"ಅಲ್ಲಿ ಗುಡ್ಡದಲ್ಲಿ ಐಸ್ ಉಂಟಲ್ಲ?" ಎಂದೆ.

"ದಟ್ಸ್ ದಿ ಪಾಯಿಂಟ್ ಲಾ."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಜಾರದ ಹಾಗೆ ಬೂಟಿಗೆ ಹಾಕುವುದು ಏನಾದರೂ ಇರುತ್ತದೆ, ಮೊದಲು ಅದನ್ನು ನೋಡುವ ಎಂದೆ. ಅವಳು ಊಟ ಮುಂದುವರಿಸಿದಳು.

ನನ್ನ ಹೆಂಡತಿ ಕೋವಿಡ್ ಶುರುವಾಗುವ ಹೊತ್ತಿಗೆ ಸರಿಯಾಗಿ ಊರಿಗೆ ಹೋಗಿದ್ದಳು. ಅತ್ತೆಗೆ ಸೊಂಟದ ಆಪರೇಷನ್ ಆಗುವುದಿತ್ತು, ಮೂರು ವಾರದ ಮಾತು. ನಿಲಾಯ್‌ನಿಂದ ವಿಮಾನ ನಿಲ್ದಾಣ ಹತ್ತಿರ. ನಾನೇ ಬಿಟ್ಟು ಬಂದೆ. ಅವಳು ಹೋದ ಮೇಲೆ ಗಡಿ ಮುಚ್ಚಿತು. ಮುಂದೆ ಒಂದು ಅನುಮತಿ ಬರುವಷ್ಟರಲ್ಲಿ ಇನ್ನೊಂದು ನಿರ್ಬಂಧ ಬರುತ್ತಿತ್ತು, ವಿಮಾನ ಸಿಕ್ಕಿತೆಂದರೆ ಅತ್ತೆಗೆ ಹುಷಾರಿರುತ್ತಿರಲಿಲ್ಲ. ಹೀಗೇ ವರ್ಷ ಕಳೆಯಿತು. ಎರಡನೇ ಅಲೆಯಲ್ಲಿ ಅವಳಿಗೆ ಜ್ವರ ಬಂತು. ಆಸ್ಪತ್ರೆಯಿಂದ ಎರಡು ಸಲ ಫೋನಿನಲ್ಲಿ ಮಾತಾಡಿದಳು, ಮೂರನೆಯ ಸಲ ಅವಳ ಅಣ್ಣ ಮಾತಾಡಿದರು. ಚಿತೆಯನ್ನು ನಾನೂ ಮಗಳೂ ಫೋನಿನಲ್ಲಿ ನೋಡಿದೆವು. ಚಿತ್ರ ಅಲುಗಾಡುತ್ತಿದ್ದುದರಿಂದ ಹೆಚ್ಚೇನೂ ಕಾಣಿಸಲಿಲ್ಲ.

ಮರುದಿನ ಮೂತ್ರಪಿಂಡದ ಮೇಲೆ ಆನ್‌ಲೈನ್ ಪಾಠ ಇತ್ತು. ಮಾಡಿದೆ. ಚೆನ್ನಾಗಿಯೇ ಮಾಡಿದೆ ಎಂದು ನೆನಪು.

ಸತ್ತವರ ಮನೆಯಲ್ಲಿ ಏನಾದರೂ ಬದಲಾಗಬೇಕು. ನಮ್ಮ ಮನೆಯಲ್ಲಿ ಆಗಲಿಲ್ಲ. ಅವಳಿಲ್ಲದ ಮನೆ ನಮಗೆ ಅಷ್ಟರಲ್ಲಾಗಲೇ ಅಭ್ಯಾಸವಾಗಿಹೋಗಿತ್ತು. ಮೊದಲೂ ಇಬ್ಬರಿಗೇ ಅಡುಗೆ, ಆಮೇಲೂ ಇಬ್ಬರಿಗೇ. ಬಟ್ಟೆ ಒಣಹಾಕುವ ಸರದಿ, ಕಸ ಹೊರಗಿಡುವ ಸರದಿ, ಎಲ್ಲ ಅವಳು ಬದುಕಿದ್ದಾಗ ನಾವೇ ಮಾಡಿಕೊಂಡ ಏರ್ಪಾಡು. ಸಂಜೆಯ ವಿಡಿಯೋ ಕಾಲ್ ನಿಂತಿತು, ಅಷ್ಟೆ. ನಾನು ಅಳಲಿಲ್ಲ. ಗಟ್ಟಿ ಮನುಷ್ಯ ಎಂದು ಸಹೋದ್ಯೋಗಿಗಳು ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ; ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ದವಡೆ ಹೇಗಿರುತ್ತದೋ ಹಾಗೆ ಇದ್ದೆ. ಆ ಜೋಮು ಇಳಿಯಲೇ ಇಲ್ಲ.

ಹಾಗಾಗಿ ಮಗಳು ಕೊರಿಯಾ ಎಂದಾಗ ನನಗೆ ಗಾಬರಿಯಾಯಿತು ಎಂದು ಹೇಳಲಾರೆ. ಒಂದು ಲೆಕ್ಕ ಮಾತ್ರ ತಲೆಯಲ್ಲಿ ಕೂತಿತು. ಕಳೆದ ಸಲ ನಾನು ಕಳುಹಿಸಿಕೊಟ್ಟವಳು ತಿರುಗಿ ಬರಲಿಲ್ಲ. ಇವಳೊಬ್ಬಳು ಉಳಿದಿದ್ದಾಳೆ.

ಆಮೇಲೆ ನಾನು ಸ್ಪೈಕ್ಸ್ ಹಿಂದೆ ಬಿದ್ದೆ. ಬೂಟಿನ ಮೇಲೆ ಎಳೆದು ತೊಡಿಸುವ ರಬ್ಬರಿನ ಪಟ್ಟಿ, ಅದರ ಅಡಿಯಲ್ಲಿ ಕಬ್ಬಿಣ, ಇಷ್ಟೇ ವಸ್ತು. ಆದರೆ ಅದರಲ್ಲಿ ಜಾತಿ ಹಲವು. ಅಂಗಾಲಿಗೆ ಸ್ಪ್ರಿಂಗ್ ಸುತ್ತಿದ್ದು ಪೇಟೆಯ ರಸ್ತೆಗೆ ಸಾಕು, ಏರಿಗೆ ಆಗದು. ಸಣ್ಣ ಮೊಳೆ ಒತ್ತಿದ್ದು ಗಟ್ಟಿ ಐಸಿನಲ್ಲಿ ಕಚ್ಚುವುದಿಲ್ಲ. ಉದ್ದ ಹಲ್ಲಿನದು ನೆಟ್ಟಗೆ ನಿಂತ ಹಿಮದ ಗೋಡೆ ಹತ್ತುವವರಿಗೆ; ಅಭ್ಯಾಸ ಇಲ್ಲದವರು ಅದನ್ನು ಹಾಕಿದರೆ ತಮ್ಮ ಪ್ಯಾಂಟಿಗೇ ಸಿಕ್ಕಿಸಿಕೊಂಡು ಬೀಳುತ್ತಾರೆ. ಗುಡ್ಡದ ದಾರಿಗೆ ಬೇಕಾದ್ದು ಸರಪಳಿಗೆ ಜೋಡಿಸಿದ ಗಿಡ್ಡ ಉಕ್ಕಿನ ಹಲ್ಲು, ಹಿಮ್ಮಡಿಗೂ ಬೆರಳಬುಡಕ್ಕೂ ಬೇರೆ ಬೇರೆ. ಇದೆಲ್ಲ ನಾನು ನಿಲಾಯ್‌ನ ಸೆಕೆಯಲ್ಲಿ, ಫ್ಯಾನಿನ ಕೆಳಗೆ ಬನಿಯನ್ ಹಾಕಿಕೊಂಡು ಕಲಿತ ವಿದ್ಯೆ.

ಮೊದಲು ಅಗ್ಗದ ಸ್ಪ್ರಿಂಗಿನದನ್ನೇ ತರಿಸಿ ಮೂಲೆಗೆ ಹಾಕಿದೆ. ಎರಡನೆಯದು ಹಲ್ಲಿನದು. ಅದರ ಅಳತೆಯನ್ನು ಮಗಳ ಕ್ಯಾನ್ವಾಸ್ ಶೂ ನೋಡಿ ಕೊಟ್ಟಿದ್ದೆ. ಈ ದೇಶದಲ್ಲಿ ವರ್ಷವಿಡೀ ಚಪ್ಪಲಿಯೋ ಕ್ಯಾನ್ವಾಸೋ, ಚಳಿಗಾಲದ ಬೂಟು ಎಷ್ಟು ದಪ್ಪ ಇರುತ್ತದೆಂದು ನನಗೆ ಹೊಳೆಯಲೇ ಇಲ್ಲ. ಬಾಂಗ್ಸಾರ್‌ನ ಗೆಳತಿಯೊಬ್ಬಳಿಂದ ಮಗಳು ಎರವಲು ತಂದ ಬೂಟಿಗೆ ತೊಡಿಸಲು ಹೋದಾಗ ರಬ್ಬರು ಎಳೆದೂ ಎಳೆದೂ ಹಿಮ್ಮಡಿಯ ಹತ್ತಿರ ಬಾಯಿ ಬಿಟ್ಟಿತು. ಮೂರನೆಯದನ್ನು ಬೂಟಿನ ಅಳತೆಗೆ ತರಿಸಿದೆ.

ಚಳಿಯಲ್ಲಿ ಕೆಲವು ರಬ್ಬರು ಸೆಟೆದು ಸೀಳಿಹೋಗುತ್ತದೆ ಎಂದು ಓದಿದ್ದೆ. ಆದ್ದರಿಂದ ಹೊಸ ಜೊತೆಯನ್ನು ಬಂಗುಡೆಯ ಪೊಟ್ಟಣದ ಪಕ್ಕದಲ್ಲಿ ಫ್ರೀಜರಿನಲ್ಲಿಟ್ಟು ಮರುದಿನ ಎಳೆದು ನೋಡಿದೆ. ಮೊದಲಿನಂತೆಯೇ ಹಿಗ್ಗಿತು.

"ಅಪ್ಪ, ಅದನ್ನು ಅಲ್ಲೇ ಗುಡ್ಡದ ಬುಡದಲ್ಲಿ ಮಾರ್ತಾರೆ," ಎಂದಳು ಮಗಳು. "ಎವ್ರಿವನ್ ಬೈಸ್ ದೇರ್. ಇದು ಈಗ ಫಿಶ್ ಸ್ಮೆಲ್ ಬರ್ತಿದೆ."

"ಅಲ್ಲಿ ಮಾರುವುದು ಎಂತದೋ ಏನೋ."

"ಟಿಕೆಟ್ ಈ ವೀಕ್ ಪೇ ಮಾಡ್ಬೇಕು. ನೀವಿನ್ನೂ ಯೆಸ್ ಹೇಳ್ಲಿಲ್ಲ."

"ಇದೊಂದು ಸರಿಯಾಗಲಿ ಮಗಾ."

ಆ ಭಾನುವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ, ಮೀನಿನವರಿಗೆ ಐಸ್ ಕೊಡುವ ಅಂಗಡಿಯಲ್ಲಿ ಎರಡು ದೊಡ್ಡ ಗಡ್ಡೆ ಕೇಳಿದೆ. ಅಂಗಡಿಯ ತಮಿಳರು "ವೀಟ್ಲ ವಿಶೇಷಮಾ ಸಾರ್?" ಎಂದು ಕೇಳಿದರು. ಹೌದು, ಮನೆಯಲ್ಲಿ ಸಮಾರಂಭ ಎಂದೆ. ಮಗಳ ಕಾಲಿನ ಕೆಳಗೆ ಇಡಲು ಎಂದು ಹೇಳಿದ್ದರೆ ಪೊಲೀಸರನ್ನು ಕರೆಯುತ್ತಿದ್ದರೋ ಏನೋ.

ಕಾರು ನಿಲ್ಲಿಸುವ ಜಾಗದಲ್ಲಿ ಗೋಣಿ ಹಾಸಿ ಗಡ್ಡೆಗಳನ್ನು ಪಕ್ಕಪಕ್ಕ ಇಟ್ಟೆ. ಬಿಸಿಲಿಗೆ ಆಗಲೇ ಮೇಲೆಲ್ಲ ನೀರಾಡುತ್ತಿತ್ತು. ಕೊರಿಯಾದ ಐಸ್ ಇಷ್ಟು ಬೆವರಲಾರದು, ಇದರ ಮೇಲೆ ನಿಂತರೆ ಎಲ್ಲಿಯೂ ನಿಲ್ಲಬಹುದು ಎಂದುಕೊಂಡೆ. ಬರೀ ಚಪ್ಪಲಿಯಲ್ಲಿ ಹತ್ತಿ ನೋಡಲು ಹೋಗಿ ಗೇಟು ಹಿಡಿದು ಬಚಾವಾದೆ. ಪಕ್ಕದ ಮನೆಯ ಅಜ್ಜಿ ಹೂವಿನ ಕುಂಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡುತ್ತ ನಿಂತರು.

ಮಗಳು ಬೂಟು ಹಾಕಿ, ಅದರ ಮೇಲೆ ಸ್ಪೈಕ್ಸ್ ಎಳೆದು, ಗಡ್ಡೆಯ ಮೇಲೆ ಕಾಲಿಟ್ಟಳು. ಕರಕ್ಕೆಂದು ಹಲ್ಲು ಕಚ್ಚಿತು. ನಾನು ಅವಳ ಮಣಿಕಟ್ಟು ಹಿಡಿದಿದ್ದೆ. ಕಾಲು ಅಪ್ಪಳಿಸು ಎಂದೆ, ಅಪ್ಪಳಿಸಿದಳು. ತಿರುಗು ಎಂದೆ, ತಿರುಗಿದಳು. ಒಂದೇ ಕಾಲಿನಲ್ಲಿ ನಿಲ್ಲು ಎಂದೆ. ನಿಂತಳು. ಅಲುಗಲಿಲ್ಲ. ನಾನು ಕುಕ್ಕರುಗಾಲಲ್ಲಿ ಕೂತು ಇನ್ನೊಂದು ಕೈಯಿಂದ ಹಿಮ್ಮಡಿಯ ರಬ್ಬರನ್ನು ಒತ್ತಿ ನೋಡಿದೆ. ಎಡಗಾಲಿನಲ್ಲಿ ಅದು ಒಂದು ಎಳೆಯಷ್ಟು ಓರೆಯಾಗಿತ್ತು.

"ಇದೂ ಆಗ್ಲಿಕ್ಕಿಲ್ಲ," ಎಂದೆ. "ಬೇರೆ ಒಂದು ಉಂಟು, ಮೇಲಿಂದ ಪಟ್ಟಿ ಕಟ್ಟುವಂಥದ್ದು. ಅದನ್ನು ತರಿಸುವ."

ತಲೆಯೆತ್ತಿ ನೋಡಿದೆ. ಗಡ್ಡೆಯ ಮೇಲೆ ನಿಂತಿದ್ದರಿಂದ ಎತ್ತರವಾಗಿ ಕಾಣುತ್ತಿದ್ದಳು.

"ಅಮ್ಮ ಜಾರಿ ಬಿದ್ದು ಸತ್ತದ್ದಲ್ಲ ಅಪ್ಪ," ಎಂದಳು. "ಯು ನೋ ದಟ್."

ಗದರಿ ಹೇಳಿದ್ದಲ್ಲ. ಹೊರಗೆ ಮಳೆ ಬರುತ್ತಿದೆ ಎನ್ನುವ ಹಾಗೆ ಹೇಳಿದಳು. ನನಗೆ ಗೊತ್ತಿತ್ತು, ಮನುಷ್ಯನ ಶ್ವಾಸಕೋಶ ಹೇಗೆ ಸೋಲುತ್ತದೆ ಎಂದು ಕಲಿಸುವುದು ನನ್ನ ಸಂಬಳದ ಕೆಲಸ. ಆದರೂ ನನ್ನ ಹೆಂಡತಿ ಸತ್ತಳು ಎಂಬ ಮಾತನ್ನು ನಮ್ಮಿಬ್ಬರ ನಡುವೆ ಯಾರೂ ಅಂದಿರಲಿಲ್ಲ. ಹೋದಳು ಎನ್ನುತ್ತಿದ್ದೆವು, ಊರಿಗೆ ಹೋದಳು ಎಂದ ಹಾಗೆಯೇ.

ನಾನು ಅಲ್ಲೇ ಒದ್ದೆ ಗೋಣಿಯ ಮೇಲೆ ಕೂತುಬಿಟ್ಟೆ. ಅಳು ಬಂತು. ದೊಡ್ಡದಾಗಿ ಏನಲ್ಲ, ಮೂಗು ಸೋರಿದ ಹಾಗೆ, ತಡೆಯಲಿಕ್ಕೆ ಆಗದ ಹಾಗೆ. ಪಕ್ಕದ ಮನೆಯ ಅಜ್ಜಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಮಗಳು ಗಡ್ಡೆಯಿಂದ ಇಳಿದು ನನ್ನ ಪಕ್ಕದಲ್ಲಿ ಕೂತು ಬೂಟಿನ ಲೇಸು ಬಿಚ್ಚತೊಡಗಿದಳು.

"ನನಗೆ ಹೆದರಿಕೆ ಆಗ್ತದೆ," ಎಂದೆ.

ಅವಳು ಒಂದು ಬೂಟು ಬಿಚ್ಚಿ ಬದಿಗಿಟ್ಟಳು.

"ನನಗೂ," ಎಂದಳು. "ಆದ್ರೂ ಹೋಗ್ತೇನೆ ಅಪ್ಪ."