ಮಾತು ನಿಲ್ಲಿಸಿದ ಪೆಟ್ಟಿಗೆ

ಸಂಜೆ ಕೆಲಸ ಮುಗಿದ ಮೇಲೆ ಟೈಪಕ್ಕ ಮಾತಾಡುವ ಪೆಟ್ಟಿಗೆಯ ತಂತಿಯನ್ನು ಕಂಪ್ಯೂಟರಿನ ಬೆನ್ನಿಂದ ಬಿಡಿಸಿ, ಹಳೆಯ ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಡದೆ ಊಟಕ್ಕೆ ಏಳುತ್ತಿರಲಿಲ್ಲ. ತಮ್ಮನ ಮಗಳು ಅದನ್ನು ಗೊಂಬೆಯ ಮಂಚ ಮಾಡಿಕೊಂಡ ದಿನದಿಂದ ಈ ರೂಢಿ. ಕ್ಯಾಸೆಟ್ಟುಗಳ ಕಾಲದ ಪೆಟ್ಟಿಗೆ ಅದು, ಇಟ್ಟಿಗೆಯಷ್ಟು ದಪ್ಪ. ತೆರೆಯ ಮೇಲಿನ ಅಕ್ಷರಗಳನ್ನು ಮೂಗಿನ ದನಿಯಲ್ಲಿ ಓದುತ್ತಿತ್ತು. ಹುಟ್ಟಿನಿಂದ ಕಣ್ಣಿಲ್ಲದ ಅವಳಿಗೆ, ಅದು ಓದಿದರಷ್ಟೇ ತಾನು ಬರೆದದ್ದು ತಿಳಿಯುತ್ತಿತ್ತು.

ಡಾಕ್ಟರುಗಳು ಕ್ಯಾಸೆಟ್ಟಿನಲ್ಲಿ ಹೇಳಿಟ್ಟ ರೋಗಿಗಳ ವಿವರ ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಬೀದಿಯವರು ಟೈಪಕ್ಕ ಎಂದದ್ದು ಅದಕ್ಕೇ. ವರ್ಷಗಟ್ಟಲೆ ಬಾಗಿಲು ತಟ್ಟಿದ ಮೇಲೆ ತೆರೆದದ್ದು ಇದೊಂದೇ ಬಾಗಿಲು. ಯಂತ್ರ, ಪೆಟ್ಟಿಗೆ ಎರಡೂ ಕೆಲಸ ಕೊಟ್ಟ ಕಚೇರಿಯವು. ಮನೆಗೆ ಕಳಿಸುವಾಗಲೇ ಮ್ಯಾನೇಜರು, “ನೋಡಮ್ಮ, ನನಗೆ ಮನಸ್ಸಿಲ್ಲ. ನಿಮ್ಮ ಕೈಯಲ್ಲಿ ಒಂದು ಸಲ ಕೆಟ್ರೆ ವಾಪಸ್ ತರಿಸ್ತೀನಿ, ಆಮೇಲೆ ಅಳಬಾರದು” ಎಂದಿದ್ದರು.

ಯಂತ್ರ ನಿಲ್ಲಿಸಲು ಮೊದಲು ಕೀಲಿಮಣೆಯಿಂದ ಆಜ್ಞೆ ಕೊಡಬೇಕು, ಪೆಟ್ಟಿಗೆ ಸುಮ್ಮನಾಗುತ್ತದೆ. ಆಮೇಲೆ ಯಂತ್ರದ ಮುಂಭಾಗದ ಗುಂಡಿ ಒತ್ತಬೇಕು. ಕಣ್ಣಿದ್ದವರು ದೀಪ ಆರಿದ್ದನ್ನು ನೋಡುತ್ತಾರೆ. ಕರೆಂಟಿರುವಾಗ ತಂತಿ ಕಿತ್ತರೆ ಯಂತ್ರ ಕೆಡಬಹುದೆಂದು, ಅವಳು ಒಳಗಿನ ಫ್ಯಾನಿನ ಸದ್ದು ನಿಂತ ಮೇಲೆ ತಂತಿಗೆ ಕೈಹಾಕುತ್ತಿದ್ದಳು.

ಆ ಸಂಜೆ ಪೆಟ್ಟಿಗೆ ಸುಮ್ಮನಾದ ಹೊತ್ತಿಗೇ ಮಗು ಅಡುಗೆಮನೆಯಲ್ಲಿ ಜಾರಿ ಬಿತ್ತು. ಎತ್ತಿ ಸಮಾಧಾನ ಮಾಡಿ ಬರುವಷ್ಟರಲ್ಲಿ ಗೋಡೆಯಾಚೆ ನೀರಿನ ಪಂಪು ಶುರುವಾಗಿತ್ತು. ಗುಂಡಿ ಒತ್ತಿಯೇ ಎದ್ದಿದ್ದೆ ಎಂದು ಅವಳ ಎಣಿಕೆ. ತಂತಿ ಕಿತ್ತಳು. ಟವೆಲು ಸುತ್ತುತ್ತಿರುವಾಗ ಪಂಪು ನಿಂತಿತು. ಫ್ಯಾನು ಗುಂಯ್ ಎನ್ನುತ್ತಲೇ ಇತ್ತು.

“ದೇವರ ಹೆಸರೂ ಬಾಯಿಗೆ ಬರಲಿಲ್ಲ” ಎಂದು ಆಮೇಲೆ ಪಕ್ಕದ ಮನೆಯ ನನ್ನ ಹತ್ತಿರ ಹೇಳಿದಳು.

ಎಲ್ಲ ಆರಿಸಿ, ತಂತಿ ಸಿಕ್ಕಿಸಿ, ಮತ್ತೆ ಶುರು ಮಾಡಿದಳು. ಪೆಟ್ಟಿಗೆ ತುಟಿ ಬಿಚ್ಚಲಿಲ್ಲ.

ತಮ್ಮನ ಹೆಂಡತಿ ಬಂದು ತೆರೆ ನೋಡಿದಳು. “ಅಕ್ಷರ ಎಲ್ಲಾ ಬರ್ತಿದೆಯಲ್ಲ ಅಕ್ಕ, ಚೆನ್ನಾಗೇ ಇದೆ!”

“ಯಾರಿಗೆ ಚೆನ್ನಾಗಿದೆ?”

ಉಳಿದ ಕ್ಯಾಸೆಟ್ಟನ್ನಾದರೂ ಮುಗಿಸೋಣವೆಂದು ಅಂದಾಜಿನಲ್ಲೇ ಟೈಪ್ ಮಾಡಿದಳು. ತಮ್ಮನ ಹೆಂಡತಿ ಓದಲು ಹೋಗಿ ತಡವರಿಸಿದಳು. ಬೆರಳು ಒಂದು ಕೀಲಿ ಪಕ್ಕಕ್ಕೆ ಸರಿದು, ಪುಟವಿಡೀ ಅರ್ಥವಿಲ್ಲದ ಅಕ್ಷರಗಳ ರಾಶಿ. ಟೈಪಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟಳು. ಊಟಕ್ಕೆ ಏಳಲಿಲ್ಲ.

ಮರುದಿನ ಕಚೇರಿಯ ರಿಪೇರಿಯವನು ಬಂದ. ತಾನು ತಂದ ಮೌಸನ್ನು ಪೆಟ್ಟಿಗೆಯ ತಂತಿ ಕೂರುವ ಕಿಂಡಿಗೇ ಸಿಕ್ಕಿಸಿ ನೋಡಿದ. ಅದೂ ಮಿಸುಕಲಿಲ್ಲ.

“ಕಿಂಡಿ ಸುಟ್ಟಿದೆ. ಕರೆಂಟ್ ಇದ್ದಾಗ ಯಾರೋ ಕಿತ್ತಿದ್ದಾರೆ. ಎಷ್ಟೋ ಸಲ ಏನೂ ಆಗಲ್ಲಮ್ಮ, ಗ್ರಹಚಾರ ಕೆಟ್ಟಾಗ ಬೋರ್ಡನ್ನೇ ತಿಂದುಬಿಡುತ್ತೆ.” ಅವಳ ಮುಖ ನೋಡಿ ನಗಿಸಲು ಹೊರಟ: “ನಮ್ಮ ಮ್ಯಾನೇಜರ ಬೆನ್ನಿಗೂ ಇಂಥದೊಂದು ತಂತಿ ಇದ್ದಿದ್ರೆ, ನಾನೇ ಕಿತ್ತು ಬಾಯಿ ಮುಚ್ಚಿಸ್ತಿದ್ದೆ.”

“ಯಾರು ಕಿತ್ತಿದ್ದು ಅಂತ ಅವರು ಕೇಳೇ ಕೇಳ್ತಾರೆ” ಎನ್ನುತ್ತ ಅವನು ನಡುಮನೆಯ ಫೋನಿಗೆ ಹೋದ.

ತಮ್ಮನ ಹೆಂಡತಿ ಟೈಪಕ್ಕನ ಕೈ ಹಿಡಿದಳು. “ಅಕ್ಕ, ನೆಲ ಒರೆಸುವಾಗ ನಾನು ಕಿತ್ತೆ ಅಂತೀನಿ. ಬೈದ್ರೆ ಬೈಸ್ಕೋತೀನಿ. ಪಾತ್ರೆ ತಿಕ್ಕೋ ಕೆಲಸದಿಂದ ನನ್ನನ್ನ ಯಾರು ತೆಗೀತಾರೆ? ತೆಗೆದ್ರೆ ಪುಣ್ಯ ಬರುತ್ತೆ!”

ಟೈಪಕ್ಕ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕಣ್ಣಿಲ್ಲದವಳು ಯಂತ್ರ ಸುಟ್ಟಳು ಎಂಬ ಮಾತು ಒಂದು ಸಲ ಹಬ್ಬಿದರೆ, ಇನ್ನೊಂದು ಯಂತ್ರ ಕೊಡುವವರು ಯಾರಿದ್ದಾರೆ?

“ಲೈನಲ್ಲಿದ್ದಾರೆ, ಬನ್ನಿ” ಎಂದು ಅವನು ಕರೆದ.

“ಹೋಗ್ಲಾ ಅಕ್ಕ?”

“ನೀನು ಕಿತ್ತೆ ಅಂದ್ರೆ ಕೆಲಸ ಉಳಿಯುತ್ತೆ ಕಣೆ,” ಎಂದಳು ಟೈಪಕ್ಕ. “ಆದ್ರೆ ನಾಳೆಯಿಂದ ನಾನು ನೆಟ್ಟಗೆ ಮಾಡಿದ್ದನ್ನೂ ನೀನೇ ಮಾಡ್ಕೊಟ್ಟೆ ಅಂತಾರೆ.”

ಕೈ ಬಿಡಿಸಿಕೊಂಡು, ಗೋಡೆ ಸವರುತ್ತ ಎದ್ದಳು.

“ಬೇಡ. ನಾನೇ ಮಾತಾಡ್ತೀನಿ.”